ಹಿಮಕ್ಕೆ ಬಣ್ಣ ತಂದ ಎಮಿಲಿಯೊ

ಡಿಸೆಂಬರ್ ಬಂತೆಂದರೆ ಈಗ ನಮ್ಮ ಮನೆಗಳಲ್ಲೂ ಹಿಮದ ಮಾತು. ತಂಗಿಯ ಮಗಳು ಜ್ಯೂರಿಕ್‌ನಲ್ಲಿ ಕೆಲಸಕ್ಕೆ ಸೇರಿದ್ದಾಳೆ, ರಜೆ ಸಿಕ್ಕಾಗಲೆಲ್ಲ ಸ್ಕೀಯಿಂಗ್ ಕಲೀತಿದ್ದಾಳಂತೆ. ಪಕ್ಕದ ಮನೆಯ ಹೊಸ ದಂಪತಿ ಗುಲ್ಮಾರ್ಗ್‌ಗೆ ಟಿಕೆಟ್ ಮಾಡಿಸಿದ್ದಾರೆ. ಸೊಸೆಗೆ ಡೆನ್ವರ್‌ನಲ್ಲಿ ಇದು ಮೊದಲ ಚಳಿಗಾಲ. ಇವರಿಗೆ ಏನಾದರೂ ಚೆಂದದ್ದು ಕೊಡಬೇಕು, ಸ್ವಲ್ಪ ದುಬಾರಿಯಾದರೂ ಪರವಾಗಿಲ್ಲ ಅಂತ ಮನಸ್ಸು. ಆದರೆ ಕೊಡೋದೇನು? ಬೀರುವಿನಲ್ಲಿರುವ ಶಾಲು, ಊಟಿಯಲ್ಲಿ ಕೊಂಡ ಮಂಕಿ ಕ್ಯಾಪ್ ಬಿಟ್ಟರೆ ನಮಗೆ ಚಳಿ ಗೊತ್ತಿರೋದು ಅಷ್ಟಕ್ಕಷ್ಟೇ!

ಅಂಗಡಿಗೆ ಹೋದರೆ ಅಥವಾ ಕಂಪ್ಯೂಟರ್ ತೆರೆದರೆ ತಲೆ ತಿರುಗುತ್ತದೆ. ದೊಡ್ಡ ಬ್ರಾಂಡಿನ ಒಂದು ಸ್ಕೀ ಜಾಕೆಟ್‌ಗೆ ಲಕ್ಷ ರೂಪಾಯಿ ದಾಟುವುದು ಮಾಮೂಲು. ಅಷ್ಟು ಸುರಿದು ತಂದದ್ದು ಅವಳಿಗೆ ಬಿಗಿಯಾದರೆ, ಭಾರವಾದರೆ ಅಥವಾ ಹಿಮದಲ್ಲಿ ಉಪಯೋಗಕ್ಕೇ ಬಾರದಿದ್ದರೆ? ನಮ್ಮಲ್ಲಿ ಅರಿಶಿನ ಕುಂಕುಮಕ್ಕೆ ಕೊಟ್ಟ ಬ್ಲೌಸ್ ಪೀಸ್ ಮನೆಯಿಂದ ಮನೆಗೆ ಸುತ್ತುತ್ತಲ್ಲ, ಆ ಭಾಗ್ಯವೂ ಅದಕ್ಕಿಲ್ಲ. ಸುಮ್ಮನೆ ವಾರ್ಡ್‌ರೋಬ್‌ನಲ್ಲಿ ನೇತಾಡುತ್ತಿರುತ್ತದೆ.

ಅದಕ್ಕೇ ಪರ್ಸ್ ತೆರೆಯುವ ಮೊದಲು ಒಬ್ಬ ಮನುಷ್ಯನ ಕಥೆ ಕೇಳಿ. ಹೆಣ್ಣುಮಕ್ಕಳ ಸ್ಕೀ ಉಡುಪನ್ನು ಫ್ಯಾಷನ್ ಪತ್ರಿಕೆಗಳ ಪುಟಕ್ಕೆ ತಂದವರಲ್ಲಿ ಈತನ ಹೆಸರು ದೊಡ್ಡದು. ಟೈಲರಿಂಗ್ ಕಲಿತವನಲ್ಲ, ಅಂಗಡಿ ಇಟ್ಟವನಲ್ಲ. ಗೆಳತಿಯೊಬ್ಬಳು ಹಿಮದಲ್ಲಿ ಜಾರುವುದಕ್ಕೆ ತನ್ನ ಕೈಯಾರೆ ಒಂದು ಉಡುಪು ವಿನ್ಯಾಸ ಮಾಡಿದ, ಅಷ್ಟೆ. ಹೆಸರು ಎಮಿಲಿಯೊ ಪುಚ್ಚಿ.

ಅರಮನೆಯ ಹುಡುಗ

ಹುಟ್ಟಿದ್ದು 1914ರ ನವೆಂಬರ್ 20ರಂದು, ಇಟಲಿಯ ನೇಪಲ್ಸ್‌ನಲ್ಲಿ. ಮನೆತನ ಮಾತ್ರ ಫ್ಲಾರೆನ್ಸ್‌ನದು. ಅಲ್ಲಿಯ ದೊಡ್ಡ ಚರ್ಚಿನ ಹತ್ತಿರದಲ್ಲೇ ಪುಚ್ಚಿಯವರ ಅರಮನೆ, ಆ ಬೀದಿಗೂ ಅವರದೇ ಹೆಸರು. ಬಾರ್ಸೆಂಟೊದ ಮಾರ್ಕೇಸೆ ಎಂಬ ಬಿರುದು ಬೇರೆ. ಮಾರ್ಕೇಸೆ ಅಂದರೆ ನಮ್ಮ ಕಡೆಯ ಪಾಳೇಗಾರರಿಗಿಂತ ಒಂದು ಕೈ ಮೇಲೆ ಅಂದುಕೊಳ್ಳಿ. ಇಂಥ ಮನೆಯ ಹುಡುಗರಿಗೆ ಕುದುರೆ ಸವಾರಿ, ಈಜು, ಟೆನಿಸ್ ಎಲ್ಲ ಸಹಜ. ಎಮಿಲಿಯೊಗೆ ಅವೆಲ್ಲಕ್ಕಿಂತ ಹಿಮದ ಹುಚ್ಚು ಜಾಸ್ತಿ.

1932ರಲ್ಲಿ ಅಮೆರಿಕದ ಲೇಕ್ ಪ್ಲ್ಯಾಸಿಡ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಇಟಲಿ ತಂಡದ ಜೊತೆ ಈತನೂ ಹೋದ. ಆಗಿನ್ನೂ ಹದಿನೇಳು ವರ್ಷ. ಸ್ಪರ್ಧೆಗೆ ಇಳಿಯುವ ಅವಕಾಶ ಸಿಗಲಿಲ್ಲ, ಆದರೆ ಅಮೆರಿಕ ಮನಸ್ಸಿನಲ್ಲಿ ಉಳಿಯಿತು. ಮಿಲಾನ್‌ನಲ್ಲಿ ಎರಡು ವರ್ಷ ಓದಿ, 1935ರಲ್ಲಿ ಮತ್ತೆ ಅಮೆರಿಕಕ್ಕೇ ಬಂದ. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಕೃಷಿ ಓದಲು! ಅಲ್ಲಿಂದ ಪಶ್ಚಿಮದ ಪೋರ್ಟ್‌ಲ್ಯಾಂಡ್‌ನಲ್ಲಿರುವ ರೀಡ್ ಕಾಲೇಜಿಗೆ. ಈತ ಸ್ಕೀಯಿಂಗ್ ಬಲ್ಲ ಅನ್ನೋ ಕಾರಣಕ್ಕೆ ಅಲ್ಲಿ ವಿದ್ಯಾರ್ಥಿವೇತನವೂ ಸಿಕ್ಕಿತು. 1937ರಲ್ಲಿ ಸಮಾಜ ವಿಜ್ಞಾನದಲ್ಲಿ ಎಂ.ಎ. ಮುಗಿಸಿದ.

ಆ ಕಾಲೇಜಿನ ಸ್ಕೀ ತಂಡಕ್ಕೆ ಸಮವಸ್ತ್ರ ಬೇಕಿತ್ತು. ವಿನ್ಯಾಸ ಮಾಡಿಕೊಟ್ಟವನು ಎಮಿಲಿಯೊ. ಅವನ ಕೈಯಿಂದ ಬಂದ ಮೊದಲ ಉಡುಪುಗಳು ಅವೇ. ಸ್ವತಃ ಜಾರಿ, ಬಿದ್ದು, ಮೈಯೆಲ್ಲ ಒದ್ದೆ ಮಾಡಿಕೊಂಡವನಿಗೆ ಬಟ್ಟೆ ಎಲ್ಲಿ ಹಿಡಿಯುತ್ತದೆ, ಎಲ್ಲಿ ಹಿಮ ಒಳಗೆ ನುಗ್ಗುತ್ತದೆ ಅಂತ ಗೊತ್ತಿರುತ್ತದಲ್ಲ!

ಒಂದು ಮಾತು ಮುಚ್ಚಿಡಬಾರದು. ಆ ದಿನಗಳಲ್ಲಿ ಈತ ಮುಸೊಲಿನಿಯ ಆಳ್ವಿಕೆಯನ್ನು ಕಾಲೇಜಿನಲ್ಲೂ ಗಟ್ಟಿಯಾಗಿ ಸಮರ್ಥಿಸುತ್ತಿದ್ದ. ಚೆಂದದ ಬಟ್ಟೆ ಮಾಡಿದವನೆಂದು ಇದನ್ನು ಬಿಟ್ಟು ಹೇಳಿದರೆ ಕಥೆ ಅರ್ಧ ಸುಳ್ಳಾಗುತ್ತದೆ. 1938ರಲ್ಲಿ ಇಟಲಿಯ ವಾಯುಪಡೆ ಸೇರಿದ, ಯುದ್ಧದಲ್ಲಿ ಟಾರ್ಪೆಡೊ ಬಾಂಬರ್ ವಿಮಾನ ಹಾರಿಸಿದ, ಶೌರ್ಯಪದಕಗಳನ್ನೂ ಪಡೆದ. ನಡುವೆ 1941ರಲ್ಲಿ ಫ್ಲಾರೆನ್ಸ್ ವಿಶ್ವವಿದ್ಯಾಲಯದಿಂದ ರಾಜಕೀಯ ವಿಜ್ಞಾನದಲ್ಲಿ ಡಾಕ್ಟರೇಟ್.

ಗಡಿ ದಾಟಿಸಿದ ರಾತ್ರಿ

ಮುಸೊಲಿನಿಯ ಮಗಳು ಎಡ್ಡಾ ಈತನ ಆಪ್ತ ಗೆಳತಿ. ಆಕೆಯ ಗಂಡ ಗಲಿಯಾಟ್ಸೊ ಚಾನೊ ಹಿಂದೆ ವಿದೇಶಾಂಗ ಮಂತ್ರಿಯಾಗಿದ್ದವನು. 1943ರ ಜುಲೈನಲ್ಲಿ ಮಾವನ ವಿರುದ್ಧವೇ ಮತ ಹಾಕಿ, ಕೊನೆಗೆ ಸೆರೆಯಾಗಿ ಮರಣದಂಡನೆಯ ಬಾಗಿಲಲ್ಲಿ ನಿಂತಿದ್ದ. ಗಂಡನ ದಿನಚರಿ ಪುಸ್ತಕಗಳನ್ನು ಮುಂದಿಟ್ಟು ಅವನ ಜೀವ ಉಳಿಸಿಕೊಳ್ಳಲು ಎಡ್ಡಾ ಒದ್ದಾಡಿದಳು. ಜರ್ಮನ್ನರ ಗುಟ್ಟುಗಳೆಲ್ಲ ಆ ದಿನಚರಿಯಲ್ಲಿದ್ದವು. ತಂದೆ ಕರಗಲಿಲ್ಲ, ಜರ್ಮನ್ನರು ಮಾತು ಉಳಿಸಿಕೊಳ್ಳಲಿಲ್ಲ.

1944ರ ಜನವರಿ 9ರಂದು ಎಮಿಲಿಯೊ ಆಕೆಯನ್ನು ಕಾರಿನಲ್ಲಿ ಸ್ವಿಟ್ಜರ್ಲೆಂಡ್ ಗಡಿಗೆ ಮುಟ್ಟಿಸಿದ. ಬಟ್ಟೆಯೊಳಗೆ ದಿನಚರಿಗಳನ್ನು ಬಚ್ಚಿಟ್ಟುಕೊಂಡು ಆಕೆ ಗಡಿ ದಾಟಿದಳು. ಎರಡೇ ದಿನಕ್ಕೆ, ಜನವರಿ 11ರಂದು, ವೆರೋನಾದಲ್ಲಿ ಚಾನೊನನ್ನು ಗುಂಡಿಟ್ಟು ಕೊಂದರು.

ಎಮಿಲಿಯೊ ಗಡಿ ದಾಟದೆ ಹಿಂದೆ ಉಳಿದಿದ್ದ. ಎಡ್ಡಾ ಬರೆದ ಪತ್ರಗಳನ್ನು ತಲುಪಿಸುವ ಕೆಲಸ ಅವನ ಮೇಲಿತ್ತು. ಜರ್ಮನ್ನರ ಕೈಗೆ ಸಿಕ್ಕಿಬಿದ್ದ. ಮಿಲಾನ್‌ನ ಸಾನ್ ವಿಟ್ಟೋರೆ ಜೈಲಿನಲ್ಲಿ ಗೆಸ್ಟಾಪೊ ಕೊಟ್ಟ ಹಿಂಸೆಗೆ ತಲೆಬುರುಡೆ ಬಿರುಕು ಬಿಟ್ಟಿತು. ಎಡ್ಡಾಗೆ ಬಾಯಿ ಮುಚ್ಚಿಕೊಂಡಿರಲು ಹೇಳಿ ಬಾ ಅಂತ ಕೊನೆಗೆ ಅವನನ್ನೇ ಸ್ವಿಟ್ಜರ್ಲೆಂಡಿಗೆ ಅಟ್ಟಿದರು. ಯುದ್ಧ ಮುಗಿಯುವವರೆಗೂ ಆತ ಅಲ್ಲೇ ಉಳಿದ.

ಮೂವತ್ತು ದಾಟಿದ ಮನುಷ್ಯ. ಮೈ ಜಜ್ಜಿಹೋಗಿದೆ, ನಂಬಿದ್ದ ಆಳ್ವಿಕೆ ಮಣ್ಣು ಮುಕ್ಕಿದೆ, ದೇಶ ಸೋತಿದೆ. ಇಂಥವನು ಇನ್ನು ಕೆಲವೇ ವರ್ಷಕ್ಕೆ ಫ್ಯಾಷನ್ ಪತ್ರಿಕೆಯಲ್ಲಿ ಬರುತ್ತಾನೆ ಅಂತ ಯಾರು ಅಂದುಕೊಂಡಾರು?

ಜೆರ್ಮಾಟ್‌ನ ಆ ಉಡುಪು

1947. ಸ್ವಿಟ್ಜರ್ಲೆಂಡಿನ ಜೆರ್ಮಾಟ್, ಮ್ಯಾಟರ್‌ಹಾರ್ನ್ ಶಿಖರದ ಬುಡದ ಊರು. ಎಮಿಲಿಯೊ ಇನ್ನೂ ವಾಯುಪಡೆಯಲ್ಲೇ ಇದ್ದ, ರಜೆಗೆ ಬಂದಿದ್ದ. ಅಮೆರಿಕದ ಛಾಯಾಗ್ರಾಹಕಿ ಟೋನಿ ಫ್ರಿಸೆಲ್ ಕೂಡ ಅಲ್ಲಿದ್ದಳು. ಇಳಿಜಾರಿನಲ್ಲಿ ಆಕೆಯ ಕಣ್ಣಿಗೆ ಬಿದ್ದದ್ದು ಎಮಿಲಿಯೊ ವಿನ್ಯಾಸದ ಉಡುಪು ತೊಟ್ಟ ಅವನ ಗೆಳತಿ. ಕ್ಲಿಕ್ಕಿಸಿಯೇ ಬಿಟ್ಟಳು.

ಆ ಉಡುಪಿನಲ್ಲಿ ಅಂಥದ್ದೇನಿತ್ತು ಅಂತ ತಿಳಿಯಬೇಕಾದರೆ ಅದಕ್ಕೆ ಮೊದಲು ಹೆಣ್ಣುಮಕ್ಕಳು ಏನು ತೊಡುತ್ತಿದ್ದರು ಅಂತ ನೋಡಬೇಕು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಉದ್ದನೆಯ ಉಣ್ಣೆ ಲಂಗ ಹಾಕಿಕೊಂಡೇ ಜಾರುತ್ತಿದ್ದರು! ಆಮೇಲೆ ಪ್ಯಾಂಟ್ ಬಂತು. ಅದೂ ದೊಗಳೆ. ದಪ್ಪ ಗ್ಯಾಬರ್ಡಿನ್ ಬಟ್ಟೆ, ಮೇಲೊಂದು ಭಾರೀ ಉಣ್ಣೆ ಜಾಕೆಟ್. ಬಿದ್ದರೆ ಹಿಮ ಅಂಟುತ್ತಿತ್ತು, ಕರಗಿದರೆ ಉಣ್ಣೆ ನೀರು ಕುಡಿಯುತ್ತಿತ್ತು. ನೆನೆದ ಕಂಬಳಿ ಹೊತ್ತುಕೊಂಡು ಗುಡ್ಡ ಇಳಿಯುವುದನ್ನು ಊಹಿಸಿಕೊಳ್ಳಿ.

ಎಮಿಲಿಯೊ ಮಾಡಿದ್ದು ಮೈಗೆ ಒಪ್ಪುವ, ಮೊಣಕಾಲು ಮಡಿಸಿದರೆ ಹಿಗ್ಗುವ, ನಿಂತರೆ ಮತ್ತೆ ತನ್ನ ಆಕಾರಕ್ಕೆ ಬರುವ ಉಡುಪು. ಹಿಗ್ಗುವ ಬಟ್ಟೆ ಆತನೇ ಕಂಡುಹಿಡಿದದ್ದಲ್ಲ, ಯುದ್ಧಕ್ಕೆ ಮೊದಲೇ ಯುರೋಪಿನಲ್ಲಿ ಅಂಥ ಪ್ರಯತ್ನಗಳಾಗಿದ್ದವು. ಅದನ್ನು ಹೆಣ್ಣಿನ ಮೈಮೇಲೆ ಇಷ್ಟು ನಯವಾಗಿ ಕೂರಿಸಿದ್ದರಲ್ಲಿ ಇವನ ಜಾಣ್ಮೆ ಕಂಡಿತು.

ಆ ಚಿತ್ರಗಳು ನ್ಯೂಯಾರ್ಕಿನ ಹಾರ್ಪರ್ಸ್ ಬಜಾರ್ ಪತ್ರಿಕೆಗೆ ತಲುಪಿದವು. ಇನ್ನಷ್ಟು ವಿನ್ಯಾಸ ಮಾಡಿಕೊಡಿ ಅಂತ ಅಲ್ಲಿಂದ ಬೇಡಿಕೆ ಬಂತು. 1948ರ ಚಳಿಗಾಲದ ಸಂಚಿಕೆಯಲ್ಲಿ ಅವು ಅಚ್ಚಾದವು. ನ್ಯೂಯಾರ್ಕಿನ ಲಾರ್ಡ್ ಅಂಡ್ ಟೇಲರ್‌ನಂಥ ದೊಡ್ಡ ಮಳಿಗೆ ಈತನ ಉಡುಪು ಮಾರಾಟಕ್ಕಿಟ್ಟಿತು.

ಇಲ್ಲಿ ನಮಗೊಂದು ಕಿವಿಮಾತಿದೆ ಅಲ್ವಾ? ಉಡುಗೊರೆಗೆಂದು ಸ್ಕೀ ಜಾಕೆಟ್ ಅಥವಾ ಪ್ಯಾಂಟ್ ಆರಿಸುವಾಗ ಬೊಂಬೆಗೆ ತೊಡಿಸಿದ್ದನ್ನು ನೋಡಿ ಮರುಳಾಗಬೇಡಿ. ಸ್ಕೀಯಿಂಗ್ ಮಾಡುವವಳು ಬೊಂಬೆಯ ಹಾಗೆ ನೆಟ್ಟಗೆ ನಿಲ್ಲುವುದಿಲ್ಲ. ಮೊಣಕಾಲು ಬಗ್ಗಿಸಿ, ಸೊಂಟ ಮುಂದಕ್ಕೆ ಬಾಗಿಸಿ, ಎರಡೂ ಕೈ ಚಾಚಿ ನಿಂತಿರುತ್ತಾಳೆ. ಅವಳು ಜೊತೆಗಿದ್ದರೆ ಅಂಗಡಿಯಲ್ಲೇ ಕುಕ್ಕರುಗಾಲಲ್ಲಿ ಕೂರಿಸಿ, ಕೈ ಮೇಲೆತ್ತಿಸಿ ನೋಡಿ. ಸೊಂಟದ ಹತ್ತಿರ ಬೆನ್ನು ಕಾಣಿಸಿದರೆ, ಮುಂಗೈ ಮೇಲೆ ತೋಳು ಸರಿದರೆ ಅಲ್ಲಿಂದಲೇ ಹಿಮ ಒಳಗೆ ಹೋಗುತ್ತದೆ. ಜಾಕೆಟ್‌ನ ಒಳಗೆ ಸೊಂಟದ ಸುತ್ತ ಎಲಾಸ್ಟಿಕ್ ಇರುವ ಒಂದು ಪಟ್ಟಿ ಹೊಲಿದಿರುತ್ತಾರೆ. ಹಿಮ ತಡೆಯುವುದು ಅದೇ. ಅದಿಲ್ಲದ ಜಾಕೆಟ್ ಎಷ್ಟೇ ದುಬಾರಿಯಾಗಿರಲಿ, ಪೇಟೆಯಲ್ಲಿ ಓಡಾಡಲು ಸರಿ, ಇಳಿಜಾರಿಗಲ್ಲ.

ಅವಳು ದೂರದಲ್ಲಿದ್ದಾಳೆ, ಅಳತೆ ಗೊತ್ತಿಲ್ಲ ಅನ್ನುತ್ತೀರಾ? ಹಾಗಿದ್ದರೆ ಪ್ಯಾಂಟಿನ ತಂಟೆಗೇ ಹೋಗಬೇಡಿ. ಸ್ಕೀ ಬೂಟನ್ನಂತೂ ಸರ್‌ಪ್ರೈಸ್ ಕೊಡಲೇಬಾರದು. ಅದರ ಅಳತೆ ಪಾದದ ಉದ್ದದ ಸೆಂಟಿಮೀಟರ್ ಲೆಕ್ಕದಲ್ಲಿ ಇರುತ್ತದೆ, ಅರ್ಧ ಸೆಂಟಿಮೀಟರ್ ತಪ್ಪಿದರೂ ದಿನವೆಲ್ಲ ನೋವು. ಹೆಲ್ಮೆಟ್ಟೂ ಅಷ್ಟೇ, ಹುಬ್ಬಿನ ಮೇಲೆ ಟೇಪು ಹಿಡಿದು ತಲೆಯ ಸುತ್ತಳತೆ ತೆಗೆದ ಮೇಲೇ ಕೊಳ್ಳಬೇಕು. ಹೇಗೂ ಗುಲ್ಮಾರ್ಗ್‌ನಲ್ಲಾಗಲಿ ಸ್ವಿಟ್ಜರ್ಲೆಂಡಿನಲ್ಲಾಗಲಿ ಸ್ಕೀ, ಬೂಟು ಬಾಡಿಗೆಗೆ ಸಿಗುತ್ತವೆ. ನಾಲ್ಕು ದಿನದ ಪ್ರವಾಸಕ್ಕೆ ಅವನ್ನು ಕೊಂಡುಕೊಡುವುದು ದುಡ್ಡು ದಂಡ.

ಕಾಪ್ರಿಯ ಬಿಸಿಲಿಗೆ

ಹಿಮದಲ್ಲಿ ಹೆಸರು ಮಾಡಿದವನು ಬಿಸಿಲಿಗೆ ಬಂದ. 1950ರ ಹೊತ್ತಿಗೆ ಕಾಪ್ರಿ ದ್ವೀಪದಲ್ಲಿ ಸಣ್ಣದೊಂದು ಬುಟೀಕ್ ತೆರೆದು ಈಜುಡುಗೆ, ಮೈಗೊಪ್ಪುವ ಪ್ಯಾಂಟು, ಆಮೇಲೆ ರೇಷ್ಮೆ ಸ್ಕಾರ್ಫ್‌ಗಳನ್ನು ಮಾರಿದ. ಮನೆತನದ ಹೆಸರು ಅಂಗಡಿಯ ಸರಕಿನ ಮೇಲೆ ಬಂದರೆ ಮರ್ಯಾದೆಗೆ ಕುಂದು ಎನ್ನುವ ಕಾಲ. ಅಂಥ ಮನೆಯ ಗಂಡಸು ಹೆಂಗಸರ ಬಟ್ಟೆ ಹೊಲಿಸಿ ಮಾರೋದು ಅಂದ್ರೇನು! ಹಾಗಾಗಿ ತನ್ನ ಸರಕಿಗೆ ಎಮಿಲಿಯೊ ಎಂಬ ಮೊದಲ ಹೆಸರನ್ನಷ್ಟೇ ಇಟ್ಟ. ಫ್ಲಾರೆನ್ಸ್‌ನ ಅರಮನೆಯೇ ಅವನ ಕಚೇರಿಯಾಯಿತು.

1951ರ ಫೆಬ್ರವರಿಯಲ್ಲಿ ಜೊವಾನ್ನಿ ಬಟಿಸ್ಟಾ ಜೊರ್ಜೀನಿ ಎಂಬ ವ್ಯಾಪಾರಿ ಅಮೆರಿಕದ ಖರೀದಿದಾರರನ್ನು ಫ್ಲಾರೆನ್ಸ್‌ಗೆ ಕರೆಸಿ ಇಟಲಿಯ ಉಡುಪುಗಳನ್ನು ತೋರಿಸಿದ. ಪ್ಯಾರಿಸ್ ಬಿಟ್ಟರೆ ಫ್ಯಾಷನ್ ಇಲ್ಲ ಎಂಬ ಮಾತು ಅಲ್ಲಿಂದ ಸಡಿಲವಾಯಿತು. ಆ ಪ್ರದರ್ಶನದಲ್ಲಿ ಎಮಿಲಿಯೊ ಕೂಡ ಇದ್ದ. ಡಲ್ಲಾಸ್‌ನ ನೀಮನ್ ಮಾರ್ಕಸ್ ಮಳಿಗೆಯ ಸ್ಟ್ಯಾನ್ಲಿ ಮಾರ್ಕಸ್, ಸ್ಕಾರ್ಫಿನ ಮೇಲಿರುವ ಈ ಚಿತ್ತಾರಗಳನ್ನೇ ಬ್ಲೌಸಿಗೂ ಉಡುಪಿಗೂ ತನ್ನಿ ಎಂದು ಸಲಹೆ ಕೊಟ್ಟ. 1954ರಲ್ಲಿ ಅದೇ ಮಳಿಗೆಯ ಪ್ರಶಸ್ತಿಯೂ ಬಂತು.

ಆ ಚಿತ್ತಾರಗಳನ್ನು ಒಮ್ಮೆ ನೋಡಿದರೆ ಮರೆಯಲ್ಲ. ಸುಳಿ, ಅಲೆ, ಗರಿ, ಬಾವುಟ. ಗುಲಾಬಿಯ ಪಕ್ಕ ಕಿತ್ತಳೆ, ನೇರಳೆಯ ಪಕ್ಕ ಎಳೆ ಹಸಿರು. ಸಿಯೆನಾ ಊರಿನ ಕುದುರೆ ಪಂದ್ಯದ ಬಾವುಟಗಳಿಂದಲೇ ಒಂದು ಇಡೀ ಸಂಗ್ರಹ ಮಾಡಿದ. ನಮ್ಮ ಕಣ್ಣಿಗೆ ಇದು ಹೊಸದಲ್ಲ ಬಿಡಿ, ಗುಲಾಬಿ ಸೀರೆಗೆ ಹಸಿರು ಅಂಚು ಉಟ್ಟು ಬೆಳೆದವರು ನಾವು. ಯುದ್ಧ ಮುಗಿಸಿ ಬೂದು, ಕಂದು ಬಣ್ಣಗಳಲ್ಲೇ ಇದ್ದ ಯುರೋಪಿಗೆ ಮಾತ್ರ ಹಬ್ಬ ಬಂದ ಹಾಗಾಯಿತು.

ಬಣ್ಣಕ್ಕಿಂತ ದೊಡ್ಡ ಗುಣ ಇನ್ನೊಂದಿತ್ತು, ಹಗುರ. ಆತನ ರೇಷ್ಮೆ ಜರ್ಸಿ ಉಡುಪನ್ನು ಸುರುಳಿ ಸುತ್ತಿ ಹ್ಯಾಂಡ್‌ಬ್ಯಾಗಿನಲ್ಲಿ ತುರುಕಬಹುದು, ತೆಗೆದು ಕೊಡವಿದರೆ ಸುಕ್ಕಿಲ್ಲ, ಇಸ್ತ್ರಿ ಬೇಡ. ಒಳಗೆ ಅಸ್ತರಿಲ್ಲ, ಬಿಗಿಯುವ ಪಟ್ಟಿಗಳಿಲ್ಲ. ಅದೇ ಕಾಲದಲ್ಲಿ ಪ್ಯಾರಿಸ್‌ನ ದೊಡ್ಡ ವಿನ್ಯಾಸಕರು ಹೆಂಗಸರ ಸೊಂಟವನ್ನು ಕಟ್ಟಿ ಬಿಗಿಯುತ್ತಿದ್ದರು. ಇವನು ಬಿಚ್ಚಿ ಬಿಟ್ಟ. ಸೋಫಿಯಾ ಲೊರೆನ್, ಜಾಕಿ ಕೆನಡಿ ತೊಟ್ಟರು. ಮರ್ಲಿನ್ ಮನ್ರೊಗೆ ಎಷ್ಟು ಇಷ್ಟವಾಗಿತ್ತೆಂದರೆ 1962ರಲ್ಲಿ ಆಕೆ ತೀರಿಕೊಂಡಾಗ ಪುಚ್ಚಿಯ ಹಸಿರು ಉಡುಪಿನಲ್ಲೇ ಮಣ್ಣು ಮಾಡಿದರು.

ಹಾಗಂತ ಹಿಮವನ್ನು ಮರೆಯಲಿಲ್ಲ. 1960ರಲ್ಲಿ ಶಾಂಟುಂಗ್ ರೇಷ್ಮೆಯ ಜೊತೆ ಹಿಗ್ಗುವ ನೈಲಾನ್ ಸೇರಿಸಿ ಎಮಿಲಿಯೊಫಾರ್ಮ್ ಎಂಬ ಬಟ್ಟೆ ತಂದ. ಅಷ್ಟರಲ್ಲಿ ಬೇರೆಯವರೂ ಈ ದಾರಿಗೆ ಬಂದಿದ್ದರು. ಮ್ಯೂನಿಕ್‌ನ ಮರಿಯಾ ಬೋಗ್ನರ್ ಐವತ್ತರ ದಶಕದ ಆರಂಭದಲ್ಲಿ ತಂದ ಹಿಗ್ಗುವ ಸ್ಕೀ ಪ್ಯಾಂಟು ಎಷ್ಟು ಹೆಸರಾಯಿತೆಂದರೆ ಅಮೆರಿಕದಲ್ಲಿ ಅಂಥ ಪ್ಯಾಂಟಿಗೇ ಬೋಗ್ನರ್ ಅನ್ನುವ ರೂಢಿ ಬಂತು. ಇವತ್ತು ದುಬಾರಿ ಸ್ಕೀ ಉಡುಪು ಅಂದರೆ ಕೇಳಿಬರುವ ಮಾಂಕ್ಲೇರ್ ಮತ್ತು ಫ್ಯೂಸಾಲ್ಪ್, ಎರಡೂ 1952ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದವು.

ಈಗ ಉಡುಗೊರೆಗೆ ಬರೋಣ. ದುಬಾರಿ ಜಾಕೆಟ್ ಕೈಗೆತ್ತಿಕೊಂಡಾಗ ಮೊದಲು ತೂಕ ನೋಡಿ. ಒಳ್ಳೆಯ ಬಾತುಕೋಳಿ ಪುಕ್ಕದ ಜಾಕೆಟ್ ನೋಡಲು ಉಬ್ಬಿದ್ದರೂ ಕೈಯಲ್ಲಿ ಹತ್ತಿಯಂತಿರುತ್ತದೆ. ಆದರೆ ಪುಕ್ಕ ನೆನೆದರೆ ಬೆಚ್ಚಗಿಡುವುದಿಲ್ಲ, ಹೊರಬಟ್ಟೆ ನೀರು ತಡೆಯುವಂತಿರಬೇಕು. ಲೇಬಲ್ಲಿನ ಮೇಲೆ 10,000 ಅಥವಾ 20,000 ಮಿಲಿಮೀಟರ್ ಅಂತ ಬರೆದಿರುತ್ತಾರಲ್ಲ, ಅದು ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತದೆ ಎಂಬ ಲೆಕ್ಕ. ಹತ್ತು ಸಾವಿರಕ್ಕಿಂತ ಕಮ್ಮಿಯಿದ್ದರೆ ಎಷ್ಟೇ ಚೆಂದವಿದ್ದರೂ ವಾಪಸ್ ಇಡಿ. ಕಲಿಯುವವಳು ನಿಲ್ಲುವುದಕ್ಕಿಂತ ಹಿಮದ ಮೇಲೆ ಕೂರುವುದೇ ಹೆಚ್ಚು, ಪಾಪ!

ಬಣ್ಣದ ವಿಷಯದಲ್ಲಿ ಎಮಿಲಿಯೊ ಮಾತು ಕೇಳಿ. ಅಚ್ಚ ಬಿಳಿ ಸ್ಕೀ ಸೂಟು ಫೋಟೊದಲ್ಲಿ ರಾಣಿಯ ಹಾಗೆ ಕಾಣಿಸುತ್ತದೆ ನಿಜ. ಆದರೆ ಮಂಜು ಕವಿದಾಗ, ಹಿಮ ಸುರಿಯುವಾಗ ಬಿಳಿ ತೊಟ್ಟವಳು ಹಿಂದೆ ಬರುವವರ ಕಣ್ಣಿಗೆ ಬೀಳುವುದೇ ಇಲ್ಲ. ಕಿತ್ತಳೆ, ಗಾಢ ಗುಲಾಬಿ, ನವಿಲು ನೀಲಿ ಕೊಡಿಸಿ. ಚೆಂದಕ್ಕೆ ಚೆಂದ, ಕ್ಷೇಮಕ್ಕೆ ಕ್ಷೇಮ.

ಒಂದರ ಮೇಲೊಂದು

1965ರಲ್ಲಿ ಅಮೆರಿಕದ ಬ್ರಾನಿಫ್ ವಿಮಾನ ಕಂಪನಿ ತನ್ನ ಗಗನಸಖಿಯರ ಸಮವಸ್ತ್ರಕ್ಕೆ ಎಮಿಲಿಯೊನನ್ನು ಕರೆಯಿತು. ಅದಕ್ಕೆ ಮುಂಚೆ ಗಗನಸಖಿಯರ ಉಡುಪು ನೋಡಿದರೆ ನರ್ಸೋ ಸೈನಿಕರೋ ಅನ್ನಿಸುತ್ತಿತ್ತು. ಈತ ಒಂದರ ಮೇಲೊಂದು ಪದರ ಮಾಡಿದ. ಚಳಿಯ ಊರಿನಲ್ಲಿ ವಿಮಾನ ಹತ್ತುವಾಗ ಮೇಲೊಂದು ಕೋಟು, ಒಳಗೆ ಸೂಟು, ಅದರೊಳಗೆ ಹಗುರ ಉಡುಪು, ಬಿಸಿಲಿನ ಊರು ಬರುವಷ್ಟರಲ್ಲಿ ಒಂದೊಂದೇ ತೆಗೆಯುತ್ತಾ ಹೋಗುವುದು. ಮಳೆಯಲ್ಲಿ ಕೂದಲು ಕೆಡದಿರಲಿ ಅಂತ ತಲೆಗೊಂದು ಪಾರದರ್ಶಕ ಪ್ಲಾಸ್ಟಿಕ್ ಗೋಳ ಬೇರೆ! ಕಂಪನಿ ಮಾತ್ರ ಈ ಪದರ ತೆಗೆಯುವುದನ್ನೇ ಗಂಡಸರ ಕಣ್ಣಿಗೆ ಹಬ್ಬ ಎಂಬಂತೆ ಜಾಹೀರಾತು ಮಾಡಿತು. ದುಡಿಯುವ ಹೆಣ್ಣುಮಕ್ಕಳನ್ನು ಹಾಗೆ ತೋರಿಸಿದ್ದು ಯಾವ ಕಾಲಕ್ಕೂ ಸರಿಯಲ್ಲ.

ಪದರದ ಲೆಕ್ಕ ಮಾತ್ರ ಹಿಮದಿಂದ ಬಂದದ್ದು, ಇಂದಿಗೂ ಅದೇ ಸರಿ. ಮೈಗೆ ತಾಗುವ ಒಳಪದರ ಬೆವರನ್ನು ಹೊರಗೆ ದಾಟಿಸಬೇಕು, ನಡುವಿನದು ಬೆಚ್ಚಗಿಡಬೇಕು, ಹೊರಗಿನದು ಗಾಳಿ ನೀರು ತಡೆಯಬೇಕು. ಒಳಪದರಕ್ಕೆ ಹತ್ತಿ ಬಟ್ಟೆ ಬೇಡವೇ ಬೇಡ. ನಮ್ಮ ಸೆಖೆಗೆ ಹತ್ತಿ ಅಮೃತ, ಹಿಮದಲ್ಲಿ ಅದು ಬೆವರು ಹೀರಿ ಒಣಗದೆ ಮೈಯನ್ನು ತಣ್ಣಗೆ ಮಾಡುತ್ತದೆ. ಮೆರಿನೊ ಉಣ್ಣೆ ಅಥವಾ ರೇಷ್ಮೆಯ ಒಳಪದರ ತನ್ನಿ. ಮೆರಿನೊ ಅಂದರೆ ಎಳೆ ತುಂಬಾ ಸಣ್ಣಗಿರುವ ಉಣ್ಣೆ, ಚುಚ್ಚುವುದಿಲ್ಲ, ಎರಡು ಮೂರು ದಿನ ತೊಟ್ಟರೂ ವಾಸನೆ ಬರುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ ದೂರದ ಸೊಸೆಗೋ ನಾದಿನಿಗೋ ಕೊಡಲು ಇದಕ್ಕಿಂತ ಒಳ್ಳೆಯದಿಲ್ಲ. ಹಿಗ್ಗುವ ಬಟ್ಟೆಯಾದ್ದರಿಂದ ಅಳತೆ ಸ್ವಲ್ಪ ಆಚೀಚೆಯಾದರೂ ನಡೆಯುತ್ತದೆ. ಪಾರ್ಸೆಲ್ ಹಗುರ. ಯಾರಿಗೂ ಕಾಣಿಸುವುದಿಲ್ಲ ಅಂತ ಮೂಗು ಮುರಿಯಬೇಡಿ. ಲಕ್ಷದ ಜಾಕೆಟ್ ಒಳಗೆ ಹತ್ತಿ ಬನಿಯನ್ ಹಾಕಿ ನಡುಗುವವಳಿಗಿಂತ, ಬಾಡಿಗೆ ಜಾಕೆಟ್ ಒಳಗೆ ಮೆರಿನೊ ತೊಟ್ಟವಳು ಸುಖವಾಗಿರುತ್ತಾಳೆ. ಕಾಲುಚೀಲವೂ ಹೀಗೇ, ಎರಡು ಜೊತೆ ದಪ್ಪನೆಯದು ಬೇಡ, ಒಂದೇ ಜೊತೆ ತೆಳು ಉಣ್ಣೆಯದು, ಮೊಣಕಾಲಿನವರೆಗೆ ಬರುವಂಥದ್ದು. ಎರಡು ಜೊತೆ ಹಾಕಿದರೆ ಬೂಟಿನೊಳಗೆ ಮಡಿಕೆ ಬಿದ್ದು ಬೊಬ್ಬೆ ಏಳುತ್ತದೆ, ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ.

ಕಣ್ಣಿಗೆ ಕಟ್ಟುವಂಥದ್ದೇ ಕೊಡಬೇಕು ಅಂದರೆ ಗಾಗಲ್ಸ್ ಇದೆ, ಗ್ಲೌಸ್ ಇದೆ. ಬೆಟ್ಟದ ಮೇಲೆ ಪ್ರತಿ ಸಾವಿರ ಮೀಟರಿಗೆ ಸೂರ್ಯನ ನೇರಳಾತೀತ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಹೊಸ ಹಿಮ ಅದರಲ್ಲಿ ಶೇ 80ರವರೆಗೂ ಮುಖಕ್ಕೇ ವಾಪಸ್ ಎಸೆಯುತ್ತದೆ. ಹಾಗಾಗಿ ಗಾಗಲ್ಸ್ ಬರೀ ಶೋಕಿಯಲ್ಲ. ಬಿಸಿಲಿಗೆ ಕಪ್ಪು ಗಾಜು, ಮೋಡದ ದಿನಕ್ಕೆ ತಿಳಿ ಗಾಜು, ಎರಡನ್ನೂ ಬದಲಿಸಬಹುದಾದ ಜೋಡಿ ಸಿಗುತ್ತದೆ, ಅದನ್ನೇ ಕೊಡಿ. ಅವಳು ಕನ್ನಡಕ ಹಾಕುತ್ತಾಳಾ ಅಂತ ಮರೀದೆ ನೆನಪಿಸಿಕೊಳ್ಳಿ, ಕನ್ನಡಕದ ಮೇಲೆ ಕೂರುವ ಗಾಗಲ್ಸ್ ಬೇರೆಯೇ ಇದೆ. ಗ್ಲೌಸ್‌ನಲ್ಲಿ ಐದು ಬೆರಳಿನದಕ್ಕಿಂತ ನಾಲ್ಕು ಬೆರಳು ಒಟ್ಟಿಗಿರುವ ಮಿಟನ್ ಬೆಚ್ಚಗಿರುತ್ತದೆ. ಮೃದುವಾದ ಚರ್ಮದ ಮಿಟನ್ ಜೊತೆ ಒಳಗೆ ಹಾಕಲು ತೆಳು ರೇಷ್ಮೆ ಗ್ಲೌಸ್ ಒಂದು ಜೊತೆ ಇಟ್ಟುಕೊಟ್ಟರೆ, ಉಡುಗೊರೆ ಬಿಚ್ಚಿದವಳ ಮುಖ ಅರಳದಿದ್ದರೆ ಕೇಳಿ.

ಕೊನೆಯ ದಿನಗಳು

ಎಮಿಲಿಯೊ 1959ರಲ್ಲಿ ಕ್ರಿಸ್ಟೀನಾ ನನ್ನೀನಿಯನ್ನು ಮದುವೆಯಾದ. ಅಲೆಸ್ಸಾಂಡ್ರೊ, ಲೌಡೊಮಿಯಾ ಎಂದು ಇಬ್ಬರು ಮಕ್ಕಳು. 1963ರಿಂದ 1972ರವರೆಗೆ ಲಿಬರಲ್ ಪಕ್ಷದಿಂದ ಇಟಲಿಯ ಸಂಸತ್ತಿನಲ್ಲಿದ್ದ. 1971ರಲ್ಲಿ ಅಪೊಲೊ 15 ಚಂದ್ರಯಾನದ ಲಾಂಛನದ ವಿನ್ಯಾಸವೂ ಈತನದೇ. ಚಂದ್ರನ ಮೇಲೆ ಸುಳಿಯುವ ಮೂರು ಹಕ್ಕಿಗಳು, ಹಿಮದಲ್ಲಿ ಜಾರುವವರ ಹಾಗೇ ಓರೆಯಾಗಿ! ಅವನು ಕೊಟ್ಟ ಬಣ್ಣಗಳನ್ನು ಮಾತ್ರ ಗಗನಯಾತ್ರಿಗಳು ತಮ್ಮ ದೇಶದ ಕೆಂಪು, ಬಿಳಿ, ನೀಲಿಗೆ ಬದಲಿಸಿಕೊಂಡರು.

ಎಪ್ಪತ್ತರ ದಶಕ ಬರುತ್ತಿದ್ದಂತೆ ಫ್ಯಾಷನ್ ತಿರುಗಿತು, ಸುಳಿ ಚಿತ್ತಾರಗಳು ಹಳೆಯವಾದವು. ಅಂಗಡಿ ಮುಚ್ಚಲಿಲ್ಲ, ಆದರೆ ಹಿಂದಿನ ಅಬ್ಬರವೂ ಉಳಿಯಲಿಲ್ಲ. ತೊಂಬತ್ತರ ಹೊತ್ತಿಗೆ ಹೊಸ ಹುಡುಗಿಯರು ಅವೇ ಬಣ್ಣಗಳನ್ನು ಮತ್ತೆ ಹುಡುಕತೊಡಗಿದ್ದನ್ನು ನೋಡುವ ಭಾಗ್ಯ ಅವನಿಗಿತ್ತು. 1992ರ ನವೆಂಬರ್ 29ರಂದು ಫ್ಲಾರೆನ್ಸ್‌ನಲ್ಲಿ ತೀರಿಕೊಂಡ. ಮಗಳು ಲೌಡೊಮಿಯಾ ಜವಾಬ್ದಾರಿ ಹೊತ್ತಳು. 2000ದಲ್ಲಿ ಕಂಪನಿಯ ಹೆಚ್ಚಿನ ಪಾಲು ಫ್ರಾನ್ಸಿನ ಎಲ್‌ವಿಎಂಎಚ್ ಸಮೂಹದ ಕೈಗೆ ಹೋಯಿತು.

ಇಷ್ಟೆಲ್ಲ ಓದಿದ ಮೇಲೆ ಪುಚ್ಚಿಯದೇ ಒಂದು ರೇಷ್ಮೆ ಸ್ಕಾರ್ಫ್ ಉಡುಗೊರೆ ಕೊಡೋಣ ಅನ್ನಿಸಿದರೆ ಧಾರಾಳವಾಗಿ ಕೊಡಿ, ಒಂದು ಎಚ್ಚರಿಕೆಯೊಂದಿಗೆ. ಸ್ಕಾರ್ಫ್, ಶಾಲು, ದುಪಟ್ಟಾ ಯಾವುದೇ ಇರಲಿ, ಇಳಿಜಾರಿನಲ್ಲಿ ಕುತ್ತಿಗೆಗೆ ಇಳಿಬಿಟ್ಟುಕೊಂಡು ಹೋಗಬಾರದು. ಮೇಲೆ ಹತ್ತಿಸುವ ಕುರ್ಚಿ ಲಿಫ್ಟಿಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಸ್ಕೂಟರ್ ಚಕ್ರಕ್ಕೆ ಸೆರಗು ಸಿಕ್ಕಿದ ಸುದ್ದಿ ನಮಗೇನು ಹೊಸದೇ? ಜಾರುವಾಗ ಕತ್ತಿಗೆ ಕೊಳವೆಯಂತೆ ಇಳಿಸಿಕೊಳ್ಳುವ ಉಣ್ಣೆ ಪಟ್ಟಿ ಸಾಕು. ರೇಷ್ಮೆ ಸ್ಕಾರ್ಫ್ ಸಂಜೆಗೆ, ಬೂಟು ಕಳಚಿ ಬೆಂಕಿಯ ಮುಂದೆ ಬಿಸಿ ಚಾಕೊಲೇಟ್ ಕುಡಿಯುವ ಹೊತ್ತಿಗೆ. ಸ್ಕೀಯಿಂಗ್ ಊರುಗಳಲ್ಲಿ ಅಲಂಕಾರಕ್ಕೆ ನಿಜವಾದ ಸಮಯ ಅದೇ.

ಹೊಸದರ ಬೆಲೆ ಜಾಸ್ತಿ ಅನ್ನಿಸಿದರೆ ಐವತ್ತು ಅರವತ್ತರ ದಶಕದ ಹಳೆಯ ಸ್ಕಾರ್ಫ್, ಬ್ಲೌಸ್‌ಗಳು ಹರಾಜಿನಲ್ಲಿ, ಹಳೆ ಉಡುಪಿನ ಅಂಗಡಿಗಳಲ್ಲಿ ಸಿಗುತ್ತವೆ. ನಿಮ್ಮ ಸಂಬಂಧಿಕರು ಅಲ್ಲಿದ್ದರೆ ಅವರಿಂದಲೇ ತರಿಸಬಹುದು. ನಕಲಿಗೂ ಬರವಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ಚಿತ್ತಾರದ ಸುಳಿಗಳ ನಡುವೆ ನಿಧಾನವಾಗಿ ಹುಡುಕಿ. ಇರುವೆ ಸಾಲಿನಷ್ಟು ಸಣ್ಣದಾಗಿ, ಕೈಬರಹದಲ್ಲಿ, ಅಲ್ಲಲ್ಲಿ ಎಮಿಲಿಯೊ ಅಂತ ಸಹಿ ಇರುತ್ತದೆ. ಅದು ಕಾಣದಿದ್ದರೆ ಕೊಳ್ಳುವ ಮುನ್ನ ಎರಡು ಸಲ ಯೋಚಿಸಿ. ಕೊಂಡರೆ ಮನೆಯಲ್ಲಿ ಸೋಪಿನ ಪುಡಿಗೆ ಹಾಕಬೇಡಿ, ಡ್ರೈ ಕ್ಲೀನ್‌ಗೇ ಕೊಡಿ. ಬಿಲ್ಲನ್ನು ಮಾತ್ರ ಡಬ್ಬಿಯಿಂದ ಹೊರಗೆ ತೆಗೆದಿಟ್ಟುಕೊಳ್ಳಿ.